ಎಲ್ಲ ಸಾಲಲ್ಲೂ ಬಂಗುಡೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒತ್ತಿಕೊಂಡು ನಿಂತಿರುತ್ತವೆ. ಚಿಕ್ಕಪ್ಪನಿಗೆ ಹಳೆ ಲೆಕ್ಕ ನೋಡಲು ಪುರುಸೊತ್ತು ಸಿಗುವುದು ಆಗಲೇ. ಈ ಸಲ ಅದನ್ನೆಲ್ಲ ಅವರ ಮಗಳು ಒಂದು ಫೈಲಿಗೆ ಹಾಕಿದ್ದಳು. ಸಾಲಿಗೊಂದು ಮಾರಾಟ: ತಾರೀಕು, ಬೋಟು, ಮೀನು, ಕಿಲೋ, ದರ. ನಡುವೆ ಕಾಮಾ.

ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಪ್ರೋಗ್ರಾಂ ಬರೆಯುವ ಜಾವಾ ಭಾಷೆ ಆಗಷ್ಟೇ ಶುರುವಾಗಿತ್ತು. ಫೈಲಿನ ಸಾಲುಗಳನ್ನು ಓದಿ ಇಡಲು 500 ಜಾಗದ ಅರೇ ಮಾಡಿದ್ದಳು, ಅಂದರೆ ಎಷ್ಟು ಜಾಗ ಅಂತ ಮೊದಲೇ ಹೇಳಿ ಮಾಡುವ ಪಟ್ಟಿ. 501ನೇ ಸಾಲಿಗೆ ಪ್ರೋಗ್ರಾಂ ಕೂತೇಬಿಟ್ಟಿತು.

"ಅಣ್ಣ, ಎಷ್ಟು ಸಾಲು ಬರ್ತದೆ ಅಂತ ಮೊದಲೇ ಹೇಗೆ ಗೊತ್ತಾಗೋದು?"

ಗೊತ್ತಾಗಬೇಕಾಗಿಲ್ಲ. ಬೇಕಾದಷ್ಟು ಬೆಳೆಯುವ ಪಟ್ಟಿ, ಅರೇಲಿಸ್ಟ್, ಜಾವಾದಲ್ಲಿ ಇರುವುದೇ ಅದಕ್ಕೆ. 1998ರಲ್ಲಿ ಬಂದ ಜಾವಾ 1.2ರಿಂದಲೂ ಇದೆ. (ಆದರೂ ಕಾಲೇಜಿನಲ್ಲಿ ಅರೇಯನ್ನೇ ಅಷ್ಟು ಎಳೆಯುತ್ತಾರೆ, ಯಾಕೋ.) ಒಳಗಿರುವುದು ಅದೇ ಮಾಮೂಲಿ ಅರೇ. ಜಾಗ ತುಂಬಿದಾಗ ಸುಮಾರು ಒಂದೂವರೆ ಪಟ್ಟು ದೊಡ್ಡದನ್ನು ಮಾಡಿ ಹಳೆಯದನ್ನೆಲ್ಲ ಅಲ್ಲಿಗೆ ನಕಲು ಮಾಡುತ್ತದೆ. ಸುಮ್ನೆ ಬಿಟ್ಟರೆ ಮೊದಲು 10 ಜಾಗ, ಆಮೇಲೆ 15, 22, 33, ಹೀಗೆ. ನಾವು ಆ್ಯಡ್ (ಸೇರಿಸು) ಅಂದರೆ ಸಾಕು.

ಬದಲಾಯಿಸಿದಳು, ಓಡಿತು. ಸಾಲುಗಳ ಲೆಕ್ಕವೂ ಸರಿ ಬಂತು. ಆದರೆ ಪಟ್ಟಿ ತೆರೆದರೆ ಎಲ್ಲ ಕಡೆ ಬಂಗುಡೆ! ಅಂಜಲ್ ಇಲ್ಲ, ಬೂತಾಯಿ ಇಲ್ಲ. ತಾರೀಕೂ ಒಂದೇ, ದರವೂ ಒಂದೇ. ಫೈಲಿನ ಕೊನೆಯ ಸಾಲು ಅದು.

"ಲಿಸ್ಟೇ ಹಾಳಾಗಿದೆ" ಅಂದಳು. ಫೈಲಿನ ಪ್ರತಿ ಸಾಲಿಗೂ ಅದೇ ಕೆಲಸ ಮತ್ತೆ ಮತ್ತೆ ಮಾಡುವ ಭಾಗ, ಅಂದರೆ ಲೂಪ್, ಅದರ ಒಳಗೇ ಒಂದೊಂದು ಸಾಲು ಪ್ರಿಂಟ್ ಮಾಡಿಸಿದೆ. ಅಲ್ಲಿ ಎಲ್ಲ ಸರಿಯಾಗಿತ್ತು! ಲೂಪ್ ಮುಗಿದ ಮೇಲೆ ನೋಡಿದರೆ ಮಾತ್ರ ಬಂಗುಡೆ. ಅಲ್ಲಿಗೆ ಗೊತ್ತಾಯಿತು. ಮಾರಾಟದ ಆಬ್ಜೆಕ್ಟನ್ನು (ಒಂದು ಮಾರಾಟದ ವಿವರವೆಲ್ಲ ಹಿಡಿಯುವ ಡಬ್ಬಿ ಅನ್ನಿ) ಅವಳು ಲೂಪಿನ ಹೊರಗೆ ಒಂದೇ ಸಲ ಮಾಡಿಟ್ಟು, ಪ್ರತಿ ಸಾಲಿಗೂ ಅದರಲ್ಲೇ ಹೊಸ ಬೆಲೆ ತುಂಬುತ್ತಿದ್ದಳು. ಲಿಸ್ಟಿಗೆ ಹೋಗುವುದು ಆಬ್ಜೆಕ್ಟಿನ ನಕಲಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ. ನೂರಾರು ಸಲ ಒಂದೇ ವಿಳಾಸ ಬರೆದರೆ ನೂರಾರು ಸಲ ಒಂದೇ ಮನೆ ತಾನೇ?

ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಚಿಕ್ಕಪ್ಪ ಕೇಳಿದರು: "ಹಾಗಾದ್ರೆ ನನ್ನ ಅಂಜಲ್ ದುಡ್ಡು ಎಲ್ಲಿ ಹೋಯ್ತು?"

ಹೊಸ ಆಬ್ಜೆಕ್ಟ್ ಮಾಡುವ, ನ್ಯೂ ಇದ್ದ ಸಾಲನ್ನು ಲೂಪಿನ ಒಳಗೆ ತಂದಳು, ಅಷ್ಟೇ. ಅಂಜಲ್ ವಾಪಸ್ ಬಂತು. ಬೋಟುವಾರು ಮೊತ್ತವೂ ಬಂತು. ಚಿಕ್ಕಪ್ಪ ಕನ್ನಡಕ ಏರಿಸಿ ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ಇದು ಒಂದೇ ಬೋಟು ಮಾರಾಯ್ತಿ, ಎರಡು ಸಲ ಯಾಕೆ ಉಂಟು?"

ಒಂದು ಕಡೆ ಹೆಸರಿನ ಕೊನೆಗೆ ಸ್ಪೇಸ್ ಸೇರಿಕೊಂಡಿತ್ತು. ತುದಿಯ ಸ್ಪೇಸ್ ತೆಗೆಯುವ ಟ್ರಿಮ್ ಹಾಕಿದೆವು, ಎರಡೂ ಒಂದಾದವು.