ಶಿರಾಡಿ ದಾರಿಯಲ್ಲಿ ಮಂಗಳೂರಿಗೆ: ಯಾವ ಫಲಕವನ್ನು ಹೇಗೆ ಓದಬೇಕು

ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಕಳೆದ ಮಳೆಗಾಲದಲ್ಲಿ ನಾವು ಕಾರಿನಲ್ಲಿ ಹೊರಟಾಗ ಮೊದಲ ಗೊಂದಲ ನೆಲಮಂಗಲದಲ್ಲೇ ಎದುರಾಯಿತು. "ನೆಲಮಂಗಲದಲ್ಲಿ 48 ಹಿಡಿಯಿರಿ, ಅದೇ ಮಂಗಳೂರು ರಸ್ತೆ" ಎಂದು ಮಾವನವರು ಹೇಳಿ ಕಳಿಸಿದ್ದರು. ವರ್ಷಗಟ್ಟಲೆ ಆ ದಾರಿಯಲ್ಲಿ ಓಡಾಡಿದವರ ಮಾತೆಂದು ನಂಬಿ, ಫಲಕದಲ್ಲಿ 48 ಕಂಡ ಕಡೆಗೇ ನೇರವಾಗಿ ಹೋದೆವು. ಎಡಗಡೆ ಶಿವಗಂಗೆ ಬೆಟ್ಟ ಕಾಣಿಸಿ, ದಾಬಸ್‌ಪೇಟೆ ಬಂದಾಗಲೇ ನಾವಿರುವುದು ತುಮಕೂರು ರಸ್ತೆಯಲ್ಲಿ ಎಂದು ತಿಳಿದದ್ದು.

ಮಾವನವರು ಹೇಳಿದ್ದು ಸುಳ್ಳಲ್ಲ, ಹಳೆಯದು ಅಷ್ಟೆ. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ, ಅದುವರೆಗೆ 4 ಎನಿಸಿಕೊಂಡಿದ್ದ ತುಮಕೂರು, ಹುಬ್ಬಳ್ಳಿ, ಪುಣೆ ರಸ್ತೆಗೆ 48 ಬಂತು. 48 ಆಗಿದ್ದ ಮಂಗಳೂರು ರಸ್ತೆ 75 ಆಯಿತು. ಈ ಎರಡು ರಸ್ತೆಗಳು ಕವಲೊಡೆಯುವುದು ನೆಲಮಂಗಲದಲ್ಲೇ ಆದ್ದರಿಂದ, ಅದೇ ಸಂಖ್ಯೆ ಹಳಬರಿಗೆ ಒಂದು ದಾರಿಯನ್ನೂ ಹೊಸ ಫಲಕ ಓದುವವರಿಗೆ ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ಅಲ್ಲಿ ಸಂಖ್ಯೆಯನ್ನು ಬಿಟ್ಟು ಕುಣಿಗಲ್ ಅಥವಾ ಹಾಸನ ಎಂಬ ಊರಿನ ಹೆಸರನ್ನೇ ಹುಡುಕಿ, ಮುಂಚಿತವಾಗಿಯೇ ಎಡಗಡೆಯ ಸಾಲಿಗೆ ಬನ್ನಿ.

ಆದರೆ ಊರಿನ ಹೆಸರೂ ಎಲ್ಲ ಕಡೆ ಕಾಯುವುದಿಲ್ಲ. ಕುಣಿಗಲ್, ಯಡಿಯೂರು ದಾಟಿದ ಮೇಲೆ ಸಿಗುವುದು ಬೆಳ್ಳೂರು ಕ್ರಾಸ್; ದೇವಸ್ಥಾನದ ಬೇಲೂರು ಹಾಸನದಿಂದ ಆಚೆಗಿದೆ. ಕನ್ನಡದಲ್ಲಿ ಓದಿದವರಿಗೆ ಸಂಶಯವೇ ಇಲ್ಲ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು 'ಎಲ್'. ಹೊರರಾಜ್ಯದ ಗೆಳೆಯರು ನಿಮ್ಮ ಹಿಂದೆ ಬೇರೆ ಕಾರಿನಲ್ಲಿ ಬರುತ್ತಿದ್ದರೆ ಇದನ್ನು ಮೊದಲೇ ಹೇಳಿಡಿ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ವೇಗದ ಫಲಕಗಳು. ಕೆಂಪು ವೃತ್ತದೊಳಗಿನ 80 ನೋಡಿ ಹೋಗುತ್ತಿದ್ದಾಗ, ಕಾಮಗಾರಿ ಮುಗಿದು ರಸ್ತೆ ಚೊಕ್ಕವಾಗಿದ್ದ ಕಡೆಯೂ ತೆಗೆಯದೆ ಬಿಟ್ಟ 30ರ ಫಲಕ ಥಟ್ಟನೆ ಎದುರಾಯಿತು. ಆ ಮಿತಿ ಎಲ್ಲಿಗೆ ಮುಗಿಯುತ್ತದೆಂದು ಹೇಳುವ ಫಲಕ ಮುಂದೆ ಎಲ್ಲೂ ಇರಲಿಲ್ಲ. ನಿತ್ಯ ಓಡಾಡುವ ಲಾರಿಯವರು ಅದನ್ನು ಲೆಕ್ಕಿಸದೆ ಬರುತ್ತಾರೆ, ಹೊಸಬರು ಬ್ರೇಕ್ ಒತ್ತುತ್ತಾರೆ, ಅಪಾಯ ಇರುವುದು ಆ ಎರಡರ ನಡುವೆ. ಫಲಕ ಹಳೆಯದೆಂದು ಅನ್ನಿಸಿದರೂ ವೇಗ ಇಳಿಸಿ, ಆದರೆ ಕನ್ನಡಿ ನೋಡಿಕೊಂಡು ನಿಧಾನವಾಗಿ ಇಳಿಸಿ. ತಲೆಭಾಗಕ್ಕೆ ಹಳದಿ ಬಣ್ಣವಿರುವ ಮೈಲಿಗಲ್ಲು ಕಂಡರೆ ರಾಷ್ಟ್ರೀಯ ಹೆದ್ದಾರಿಯಲ್ಲೇ ಇದ್ದೀರಿ, ಹಸಿರು ಕಂಡರೆ ರಾಜ್ಯ ಹೆದ್ದಾರಿಗೆ ಇಳಿದಿದ್ದೀರಿ. ಬಾಣಗಳು ಗೊಂದಲ ಮಾಡಿದಲ್ಲಿ ಈ ಗುರುತು ನಮಗೆ ನೆರವಾಯಿತು.

ಶಿರಾಡಿ ಘಾಟಿಯ ಮೇಲಿನ ಭಾಗ ಹಾಸನ ಜಿಲ್ಲೆಗೆ, ಕೆಳಗಿನದು ದಕ್ಷಿಣ ಕನ್ನಡಕ್ಕೆ ಸೇರಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಂಚಾರ ನಿಲ್ಲಿಸುವ, ಮತ್ತೆ ಬಿಡುವ ಆದೇಶಗಳು ಜಿಲ್ಲಾಡಳಿತದಿಂದ ಬರುತ್ತವೆ, ಆದರೆ ರಸ್ತೆ ಬದಿಯ ಫಲಕ ಅಷ್ಟೇ ಬೇಗ ಬದಲಾಗುವುದಿಲ್ಲ. ಸಕಲೇಶಪುರದ ಹತ್ತಿರ ನಾವು 'ಬದಲಿ ಮಾರ್ಗ' ಎಂಬ ಬಾಣ ಕಂಡು ನಿಂತೆವು. ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿದಾಗ, ಕಾರುಗಳನ್ನು ಬಿಡಲು ಶುರುಮಾಡಿ ಎರಡು ದಿನವಾಯಿತೆಂದರು. ಆದ್ದರಿಂದ ಸಕಲೇಶಪುರದಲ್ಲಿ ಹತ್ತು ನಿಮಿಷ ನಿಂತು ಪೊಲೀಸರನ್ನೋ ಮಂಗಳೂರು ಕಡೆಯಿಂದ ಬಂದ ಬಸ್ಸಿನ ಚಾಲಕರನ್ನೋ ಕೇಳಿಯೇ ಮುಂದೆ ಹೋಗಿ. ಕತ್ತಲಾಗುವ ಮೊದಲು ಘಾಟಿಯ ಬುಡದ ಗುಂಡ್ಯ ತಲುಪುವಂತೆ ಬೆಳಗ್ಗೆ ಬೇಗ ಹೊರಡಿ, ಏಕೆಂದರೆ ಮಳೆಯ ಕತ್ತಲಲ್ಲಿ ತಾತ್ಕಾಲಿಕ ಫಲಕಗಳು ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಘಾಟಿ ಇಳಿದು ಉಪ್ಪಿನಂಗಡಿ ದಾಟಿದ ಮೇಲೆ ಮಾಣಿಯಲ್ಲಿ ಮಡಿಕೇರಿ, ಪುತ್ತೂರು ಕಡೆಯ 275 ಬಂದು ಸೇರುತ್ತದೆ. ಅದು 75ರ ಕವಲು ಹೆದ್ದಾರಿ, ಹಾಗಾಗಿಯೇ ಕೊನೆಯ ಎರಡು ಅಂಕೆಗಳು ಒಂದೇ. ಬಿ.ಸಿ. ರೋಡ್ ಎಂಬ ಊರಿನ ಬಳಿ 75 ಮುಗಿದು, ಅಲ್ಲಿಂದ ಮಂಗಳೂರಿನವರೆಗೆ ರಸ್ತೆಯ ಸಂಖ್ಯೆ 73. ಅದೇ 73 ಇನ್ನೊಂದು ದಿಕ್ಕಿನಲ್ಲಿ ಬೆಳ್ತಂಗಡಿ, ಚಾರ್ಮಾಡಿ ಮೂಲಕ ತುಮಕೂರಿಗೆ ಹೋಗುತ್ತದೆ. ಅಲ್ಲಿ ದಾರಿ ತಪ್ಪಿತೆಂದು ಕಾರು ತಿರುಗಿಸಬೇಡಿ. ಮಂಗಳೂರು ಎಂದು ಬರೆದಿರುವ ಬಾಣವನ್ನೇ ಹಿಡಿಯಿರಿ.