ಬೆಳಿಗ್ಗೆ ಆರೂವರೆಗೆ ಸಾಯುವ ಪಿಸಿ

ಸಿಕ್ಕಿತು! ಹನ್ನೊಂದು ದಿನ ನಿದ್ದೆ ಕೆಡಿಸಿದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅವನು ಪಿಸಿ ಕ್ಯಾಬಿನೆಟ್ ಒಳಗೆ ಇರಲೇ ಇಲ್ಲ.

ಹೊಸ ಭಾಗಗಳನ್ನು ಹಾಕಿದ ಮೇಲೆ ನನ್ನ ಪಿಸಿ ಕೆಲಸದ ಮಧ್ಯೆ ತಾನಾಗಿಯೇ ಸಾಯತೊಡಗಿತ್ತು. ಏನೇನು ಬದಲಾಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಬಿ450 ಮದರ್‌ಬೋರ್ಡ್ ಹಳೆಯದೇ. ರೈಜನ್ 5 2600 ಪ್ರೊಸೆಸರ್ ಇದ್ದ ಜಾಗಕ್ಕೆ ರೈಜನ್ 7 5700ಎಕ್ಸ್. 1050 ಟಿಐ ಗ್ರಾಫಿಕ್ಸ್ ಕಾರ್ಡ್ ಜಾಗಕ್ಕೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060, 12 ಜಿಬಿಯದು. ಆಟಕ್ಕೆ 8 ಜಿಬಿ ಸಾಕಿತ್ತು. ಆದರೆ ನಾನು ಎಡಿಟ್ ಮಾಡುವುದು ಊರಿನ ಯಕ್ಷಗಾನದ 4ಕೆ ರೆಕಾರ್ಡಿಂಗ್. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಕಾರ್ಡಿನ ಸ್ವಂತ ಮೆಮೊರಿಯಾದ ವಿರ‍್ಯಾಮ್ ತಿನ್ನುವ ರೀತಿ ನಿಮಗೂ ಗೊತ್ತಲ್ವಾ. ಹೊಸ ರ‍್ಯಾಮ್ ಬೆಲೆ ಕೇಳಿದರೆ ಚಿನ್ನದಂಗಡಿಗೆ ಹೋದ ಹಾಗಿತ್ತು. ಮೆಮೊರಿಯೆಲ್ಲ ಎಐ ಡೇಟಾ ಸೆಂಟರುಗಳ ಪಾಲಾಗುತ್ತಿದೆ, ನಮಗೆ ಚೂರುಪಾರು. ಹಳೆಯ ಎರಡು 8 ಜಿಬಿ ಸ್ಟಿಕ್ ಜೊತೆ ಯಾರೋ ಬಳಸಿದ ಇನ್ನೆರಡನ್ನು ಸೇರಿಸಿದೆ. ಒಟ್ಟು ಬಜೆಟ್ 35,000. ಬಯೋಸ್ ಅಪ್‌ಡೇಟ್, ಪೇಸ್ಟ್, ಕೇಬಲ್ಲು ಎಲ್ಲ ಮಾಮೂಲಿ.

ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಮಾತ್ರ ಮಾಮೂಲಿಯಾಗಲಿಲ್ಲ. 5700ಎಕ್ಸ್ ಡಬ್ಬದಲ್ಲಿ ಕೂಲರ್ ಬರುವುದಿಲ್ಲ. ಆನ್‌ಲೈನಿನಲ್ಲಿ ಒಂದು ಟವರ್ ಕೂಲರ್ ತರಿಸಿದೆ. ಡಬ್ಬ ಬಿಚ್ಚಿದರೆ ಇಂಟೆಲ್ ಬ್ರ್ಯಾಕೆಟ್ ಎರಡು ಸೆಟ್, ನನ್ನ ಬೋರ್ಡಿಗೆ ಬೇಕಾದ ಎಎಂ4ದು ಒಂದೂ ಇಲ್ಲ. ಮಾರಿದವನನ್ನು ಕೇಳಿದರೆ 'ಹಾಗಾದ್ರೆ ಇಂಟೆಲ್ ಬೋರ್ಡಿಗೆ ಹಾಕ್ಕೊಳಿ ಸರ್' ಅಂದ. ಪುಣ್ಯಾತ್ಮ! ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನ ಮೂರನೇ ಅಂಗಡಿಯಲ್ಲಿ 150 ರೂಪಾಯಿಗೆ ಬ್ರ್ಯಾಕೆಟ್ ಸಿಕ್ಕಿತು. ಬಿಲ್ ಇಲ್ಲ, ಚೀಟಿಯೂ ಇಲ್ಲ.

ಈಗ ಅಸಲಿ ಕಥೆಗೆ ಬರೋಣ. ಮೊದಲ ದಿನ ಬೆಳಿಗ್ಗೆ ಎದ್ದ ತಕ್ಷಣ, ಎಡಿಟ್ ಮಾಡಿದ ವಿಡಿಯೋವನ್ನು ಪೂರ್ತಿ ಫೈಲಾಗಿಸಲು ರೆಂಡರ್‌ಗೆ ಹಾಕಿ, ಹೆಡ್‌ಫೋನ್ ಏರಿಸಿಕೊಂಡು ಕಾಫಿ ಕುಡಿಯುತ್ತಾ ಕೂತೆ. 43% ಆದಾಗ ಮಾನಿಟರ್ ಕಪ್ಪಾಯಿತು. 'ನೋ ಸಿಗ್ನಲ್' ಅಂತ ಬಂತು. ಸ್ವಲ್ಪ ಹೊತ್ತಿಗೆ ಪಿಸಿ ತಾನಾಗಿಯೇ ಆನ್ ಆಯಿತು. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ನಮ್ಮೆಲ್ಲರ ಪರಿಚಯದ ಎರರ್, ಕರ್ನಲ್-ಪವರ್ 41. ಅದೊಂದು ಪೋಸ್ಟ್‌ಮಾರ್ಟಂ ವರದಿ ಇದ್ದ ಹಾಗೆ. ಸತ್ತಿದ್ದಾನೆ ಅಂತ ಹೇಳುತ್ತದೆ, ಯಾಕೆ ಸತ್ತ ಅಂತ ಹೇಳುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಎರಡು ಗಂಟೆ ಗೇಮ್ ಆಡಿದೆ. ಏನೂ ಆಗಲಿಲ್ಲ. ಮಾರನೇ ಬೆಳಿಗ್ಗೆ ರೆಂಡರ್‌ಗೆ ಹಾಕಿದರೆ ಮತ್ತೆ ಢಮಾರ್. ಅಂದರೆ ತಪ್ಪು ರಿಸಾಲ್ವ್‌ದೇ ಅಂತ ತೀರ್ಮಾನಿಸಿದೆ. ಡ್ರೈವರ್ ಕಿತ್ತು ಹಾಕಿದೆ, ರಿಸಾಲ್ವ್ ಕಿತ್ತು ಹಾಕಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಊಹೂಂ.

ಆಮೇಲೆ ರ‍್ಯಾಮ್ ಮೇಲೆ ಅನುಮಾನ. ಬೆರಕೆ ಸ್ಟಿಕ್ಕುಗಳು ನೋಡಿ. ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ತೆಗೆದು 2133ಕ್ಕೆ ಇಳಿಸಿದೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ಎರರ್ ಇಲ್ಲ. ಬೆಳಿಗ್ಗೆ ರೆಂಡರ್ ಹಾಕಿದರೆ ಅದೇ ಹಾಡು.

ಮುಂದಿನ ಆರೋಪಿ ಕಾರ್ಡು. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದರ ಪವರ್ ಲಿಮಿಟ್ 70%ಗೆ ಇಳಿಸಿದೆ. ರೆಂಡರ್ ಪೂರ್ತಿಯಾಯಿತು! ಕುಣಿದುಬಿಟ್ಟೆ. ಕಾರ್ಡ್ ಮಾರಿದ ಹುಡುಗನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಹೇಳಿದೆ. 'ಅಣ್ಣಾ, ನನ್ ಹತ್ರ ಒಂದ್ ದಿನಾನೂ ಹಿಂಗಾಗಿಲ್ಲ, ಅಮ್ಮನಾಣೆ' ಅಂದ. ನಾನು ನಂಬಲಿಲ್ಲ. ಆದರೂ ಅನುಮಾನಕ್ಕೆ ಗೆಳೆಯನ 750 ವ್ಯಾಟ್ ಪವರ್ ಸಪ್ಲೈ ತಂದು ಹಾಕಿ, ಕಾರ್ಡನ್ನು 100%ಗೆ ಏರಿಸಿ ನೋಡಿದೆ. ಆರೂವರೆಗೆ ಢಮಾರ್.

ಆರೂವರೆಗೆ. ಈ ಸಮಯ ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ನೋಡಿ. ಇವೆಂಟ್ ವ್ಯೂವರ್ ತೆಗೆದು ಸಮಯ ಬರೆದುಕೊಂಡೆ. 6.28, 6.34, 6.31. ಎರಡು ಸಲ ಸಂಜೆ ಏಳರ ಹತ್ತಿರ. ರಾತ್ರಿ ಒಂದೂ ಇಲ್ಲ.

ಭಾನುವಾರ ಹೆಡ್‌ಫೋನ್ ಪಕ್ಕಕ್ಕಿಟ್ಟು ಕಾದು ಕೂತೆ. ಕೆಳಗಿನಿಂದ ಓನರ್ ಆಂಟಿ ದನಿ ಬಂತು: 'ಮೋಟರ್ ಹಾಕ್ತಿದೀನಪ್ಪಾ, ಟ್ಯಾಂಕ್ ತುಂಬಿದ್ರೆ ಹೇಳು!' ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು. ಟೇಬಲ್ ಕೆಳಗೆ ಯುಪಿಎಸ್ 'ಟಿಕ್' ಅಂದಿತು, ಒಂದು ಸಲ ಕುಯ್ ಅಂದಿತು. ಪಿಸಿ ಹೋಯಿತು.

ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟರು ಅದು. ಶುರುವಾಗುವ ಕ್ಷಣದಲ್ಲಿ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಹಳೆಯ ಮನೆ, ಸಣ್ಣ ವೈರು, ಮೇಲೂ ಕೆಳಗೂ ಒಂದೇ ಲೈನು. ವೋಲ್ಟೇಜ್ ದೊಪ್ಪನೆ ಬೀಳುತ್ತದೆ. ಯುಪಿಎಸ್ ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿಗೆ ಹಾರುತ್ತದೆ. ನನ್ನದು 600 ವಿಎ (ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ). ಅಂಗಡಿಯವನು '600 ವ್ಯಾಟ್ ಸರ್, ಆರಾಮಾಗಿ ಎಳೆಯುತ್ತೆ' ಅಂದಿದ್ದ. ಹಿಂದೆ ಅಂಟಿಸಿದ ಚೀಟಿಯಲ್ಲಿ ಸಣ್ಣದಾಗಿ 360 ವ್ಯಾಟ್ ಅಂತಿದೆ. ಹಳೆಯ 1050 ಟಿಐ 75 ವ್ಯಾಟಿನ ಸಾಧು ಪ್ರಾಣಿ. 3060 ಒಂದೇ 170. ಪ್ರೊಸೆಸರ್, ಬೋರ್ಡ್, ಡಿಸ್ಕು ಸೇರಿ ಗೋಡೆಯಿಂದ 300 ದಾಟುತ್ತದೆ. 12 ವೋಲ್ಟಿನ ಪುಟ್ಟ 7 ಎಎಚ್ ಬ್ಯಾಟರಿ ಅದಕ್ಕೆ 25 ಆಂಪಿಯರಿಗೂ ಜಾಸ್ತಿ ಕೊಡಬೇಕು. ಮೂರು ವರ್ಷದ ಮುದಿ ಬ್ಯಾಟರಿ ಅದು, ಅಲ್ಲೇ ಕುಸಿಯಿತು. ಕಾರ್ಡನ್ನು 70%ಗೆ ಇಳಿಸಿದ ದಿನ ಭಾರ ಕಮ್ಮಿಯಾಗಿ ತಡೆದುಕೊಂಡಿರಬೇಕು. ವೋಲ್ಟೇಜ್ ಸರಿಯಾದ ಮೇಲೆ ಯುಪಿಎಸ್ ಮತ್ತೆ ಏಳುತ್ತದೆ. ಕರೆಂಟ್ ಬಂದರೆ ಪಿಸಿ ಆನ್ ಆಗಲಿ ಅಂತ ಬಯೋಸ್‌ನಲ್ಲಿ ನಾನೇ ಇಟ್ಟಿದ್ದೆ. ಹಾಗಾಗಿ ನೋಡಲಿಕ್ಕೆ ಪಕ್ಕಾ ರೀಸ್ಟಾರ್ಟ್! ಮಾನಿಟರ್ ಪ್ಲಗ್ಗಿಗೆ ಯುಪಿಎಸ್‌ನಲ್ಲಿ ಜಾಗವಿಲ್ಲದೆ ಅದನ್ನು ಗೋಡೆಗೆ ಹಾಕಿದ್ದೆ. ಅದು ಆರದೆ ಉಳಿದದ್ದರಿಂದ ಕರೆಂಟಿನ ಕಡೆ ತಲೆ ಓಡಲೇ ಇಲ್ಲ.

ಖಾತ್ರಿಯಾಗಬೇಕಲ್ಲ, ಮಲ್ಟಿಮೀಟರ್ ಹಿಡಿದು ಕೂಗಿದೆ: 'ಆಂಟಿ, ಒಂದ್ಸಲ ಆಫ್ ಮಾಡಿ ಮತ್ತೆ ಆನ್ ಮಾಡಿ!' ಮೀಟರ್ 231ರಿಂದ 170ಕ್ಕೆ ಇಳಿಯಿತು. ಮೀಟರು ನಿಧಾನ, ಅಸಲಿ ಕುಸಿತ ಇನ್ನೂ ಜಾಸ್ತಿ ಇರಬೇಕು. ಮೂರನೇ ಸಲ ಕೇಳಿದಾಗ 'ಮೋಟರ್ ಸುಟ್ರೆ ನೀನ್ ಕೊಡ್ತೀಯಾ?' ಅಂದರು. ಅಲ್ಲಿಗೆ ಪ್ರಯೋಗ ಮುಗಿಯಿತು.

ಹೊಟ್ಟೆ ಉರಿಸುವ ವಿಷಯ ಕೇಳಿ. ಪಿಸಿಯನ್ನು ನೇರ ಗೋಡೆಗೆ ಹಾಕಿ ರೆಂಡರ್ ಮಾಡಿದೆ. ಸಂಜೆ ಮೋಟರ್ ಶುರುವಾದರೂ ಏನೂ ಆಗಲಿಲ್ಲ. ನನ್ನ ಪವರ್ ಸಪ್ಲೈ 100ರಿಂದ 240 ವೋಲ್ಟ್ ತನಕ ತಡೆದುಕೊಳ್ಳುವಂಥದ್ದು. ಕಾಪಾಡಲಿ ಅಂತ ತಂದಿಟ್ಟ ಯುಪಿಎಸ್ಸೇ ಕೊಲ್ಲುತ್ತಿತ್ತು.

ಕಾರ್ಡ್ ಹುಡುಗನಿಗೆ ಫೋನ್ ಮಾಡಿ ಸಾರಿ ಕೇಳಿದೆ. 'ಪರವಾಗಿಲ್ಲ ಅಣ್ಣಾ, ಹಳೇ 1050 ಟಿಐ ಕೊಡ್ತೀರಾ?' ಅಂದ. ಕೊಡಲ್ಲ! 2600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಅದಕ್ಕೆ ಆ ಕಾರ್ಡ್ ಬೇಕು. ಅವೆರಡನ್ನೂ ಸೇರಿಸಿ ಮಾವನ ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಯೋಜನೆ ಇದೆ. ನಲವತ್ತು ಕ್ಯಾಸೆಟ್, ಎಲ್ಲ ಯಕ್ಷಗಾನ. ಕರಾವಳಿಯ ಮಳೆ ತಿಂದು ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಹಾಗೇ ವಿಸಿಆರ್‌ಗೆ ತುರುಕಿದರೆ ಹೆಡ್ ಹಾಳು. ಮೊದಲು ಒಣಗಿಸಬೇಕು, ಒರೆಸಬೇಕು. ಕೆಲಸ ಮಾಡುವ ವಿಸಿಆರ್ ಮಾರುವವರು ಯಾರಾದರೂ ಇದ್ದರೆ ತಿಳಿಸಿ. 'ಕೆಲಸ ಮಾಡುವ' ಅಂದರೆ ಬರೀ ಲೈಟ್ ಉರಿಯುವುದಲ್ಲ.

1100 ವಿಎ ಯುಪಿಎಸ್ ಆರ್ಡರ್ ಮಾಡಿದ್ದೇನೆ. ಈ ಸಲ ವ್ಯಾಟ್ ಓದಿಯೇ ದುಡ್ಡು ಕೊಟ್ಟೆ, 660. ಬಜೆಟ್ 35,000 ಇದ್ದದ್ದು ಈಗ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಮೊದಲು ರೆಂಡರ್‌ಗೆ ಆರು ಗಂಟೆ ಹಿಡಿಯುತ್ತಿದ್ದ ಪ್ರಸಂಗ ಈಗ ಒಂದೂಮುಕ್ಕಾಲು ಗಂಟೆಗೆ ಮುಗಿಯುತ್ತಿದೆ.

ಯುಪಿಎಸ್ ಬರುವ ತನಕ ಪಿಸಿ ಗೋಡೆಯಲ್ಲೇ ಇರುತ್ತದೆ, ಮೋಟರಿನ ಭಯವಿಲ್ಲ. ಅದನ್ನು ಆಂಟಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ. ದಿನಾ ಆರೂವರೆಗೆ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಾರೆ: 'ಏನಪ್ಪಾ, ನಿನ್ ಮಿಷಿನ್ ಮಲಗಿದ್ಯಾ? ಮೋಟರ್ ಹಾಕ್ಲಾ?'