37 ಚೀಲ 44 ಆದ ಲೆಕ್ಕ

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಡತಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನಾವು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇವೆ. ಅದನ್ನು ಬರೆದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೇ ವರ್ಷನ್ 2.7ರಲ್ಲಿ. ಪೈಥಾನ್ 3 ಬಂದಿದ್ದು 2008ರಲ್ಲಿ. 2020ರ ಜನವರಿ 1ಕ್ಕೆ 2.7ರ ಬೆಂಬಲವೂ ನಿಂತಿತು. ಆದರೂ ಬಿಲ್ ಸರಿಯಾಗಿ ಬರ್ತಾ ಇರುವಾಗ ಅದನ್ನು ಮುಟ್ಟಲು ಯಾರು ಒಪ್ಪುತ್ತಾರೆ? ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ ಹಾಕಿದ ಉಬುಂಟು 24.04 ಆಪರೇಟಿಂಗ್ ಸಿಸ್ಟಂನಲ್ಲಿ 2.7 ಸಿಗುವುದಿಲ್ಲ. ಆಗ ಕೋಡನ್ನು ಪೈಥಾನ್ 3ಕ್ಕೆ ಬದಲಿಸದೆ ಬೇರೆ ದಾರಿ ಉಳಿಯಲಿಲ್ಲ.

ಪ್ರಿಂಟ್ ಆದೇಶಕ್ಕೆ ಬ್ರಾಕೆಟ್ ಹಾಕುವಂಥ ಕೆಲಸವನ್ನು, ಪೈಥಾನ್ 2ರ ಕೋಡನ್ನು 3ಕ್ಕೆ ಬದಲಿಸುವ 'ಟು ಟು ತ್ರೀ' ಟೂಲ್ ಮಾಡಿಕೊಟ್ಟಿತು. ಉಳಿದ ಎರರ್‌ಗಳು ಬಾಯಿಬಿಟ್ಟು ಹೇಳುತ್ತವೆ, ತಿದ್ದಬಹುದು. ಭಯ ಇರುವುದು ಎರರ್ ಕೊಡದೆ ಉತ್ತರ ಬದಲಿಸುವ ಸಾಲುಗಳದ್ದು.

ಅದಕ್ಕೇ ಹಳೇ ಸೀಸನ್ನಿನ ಬಿಲ್‌ಗಳನ್ನೆಲ್ಲ ಎರಡೂ ವರ್ಷನ್‌ನಲ್ಲಿ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿದೆವು. ಹಮಾಲಿಯಲ್ಲಿ, ಅಂದರೆ ಚೀಲ ಹೊರುವ ಕೂಲಿಯಲ್ಲಿ, ವ್ಯತ್ಯಾಸ ಬಂತು. ಅದಕ್ಕೆ ಹತ್ತು ಚೀಲಕ್ಕೊಂದು ರೇಟ್, ಉಳಿದ ಬಿಡಿ ಚೀಲಕ್ಕೆ ಇನ್ನೊಂದು. ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಪ್ರಿಂಟ್ ನೋಡಿದ್ದೇ ತಡ, "ತಮ್ಮಾ, ಹತ್ತರ ರೇಟ್ ಬ್ಯಾರೆ, ಬಿಡಿ ಚೀಲದ್ದು ಬ್ಯಾರೆ. ಇಲ್ಲಿ ಬಿಡಿ ಚೀಲ ಎರಡು ಸಲ ಬಂದಾವ ನೋಡಪಾ" ಅಂದರು. ಕೋಡ್ ತೆಗೆದರೆ ಅದೇ. 37 ಚೀಲವನ್ನು 10ರಿಂದ ಭಾಗಿಸಿದರೆ ಪೈಥಾನ್ 2 ಕೊಡುತ್ತಿದ್ದುದು 3. ಉಳಿದ 7 ಕೆಳಗಿನ ಸಾಲಿನಲ್ಲಿ ಬಿಡಿಯಾಗಿ ಸೇರುತ್ತಿತ್ತು. ಪೈಥಾನ್ 3ರಲ್ಲಿ ಅದೇ ಭಾಗಾಕಾರ 3.7. ಅದರ ಮೇಲೆ ಮತ್ತೆ 7. ಅಂದರೆ 44 ಚೀಲದ ಹಮಾಲಿ! ಭಾಗಿಸುವ ಚಿಹ್ನೆ ಸ್ಲ್ಯಾಶ್ (/) ಒಂದು ಇದ್ದಲ್ಲಿ ಎರಡು ಹಾಕಿದರೆ ದಶಾಂಶ ಬಿಟ್ಟು 3 ಮಾತ್ರ ಬರುತ್ತದೆ, ಮುಗಿಯಿತು. ಆದರೆ ಎಲ್ಲ ಕಡೆ ಸುಮ್ನೆ ಎರಡು ಹಾಕುವಂತಿಲ್ಲ. ಸರಾಸರಿ ತೂಕದ ಲೆಕ್ಕದಲ್ಲಿ ದಶಾಂಶ ಬೇಕೇ ಬೇಕು. ಎಲ್ಲಿ ಯಾವುದು ಅಂತ ಟೂಲ್‌ಗೆ ಗೊತ್ತಾಗಲ್ಲ, ಆ ಭಾಗಾಕಾರವನ್ನು ಅದು ಮುಟ್ಟುವುದೂ ಇಲ್ಲ. ಹಳೇ 2.7 ಇರುವಾಗಲೇ ಅದನ್ನು 'ಮೈನಸ್ 3' ಆಯ್ಕೆ ಕೊಟ್ಟು ಓಡಿಸಿದರೆ ಇಂಥ ಸಾಲು ಬಂದಾಗ ಎಚ್ಚರಿಕೆ ಕೊಡುತ್ತದೆ. ನಮಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ.

ರೌಂಡ್ ಮಾಡುವುದೂ ಹೀಗೇ. 212.5 ಹಿಂದೆ 213 ಆಗುತ್ತಿತ್ತು, ಈಗ 212. ಅರ್ಧ ಬಂದರೆ ಪೈಥಾನ್ 3 ಸಮಸಂಖ್ಯೆಯ ಕಡೆ ಹೋಗುತ್ತದೆ. ರೈತರ ಪಟ್ಟಿಯಲ್ಲಿ ರೂಪಾಯಿ ಹೆಚ್ಚುಕಡಿಮೆಯಾದರೆ ಜಗಳ ಗ್ಯಾರಂಟಿ, ಅಲ್ವಾ? ಮಾಲೀಕರನ್ನು ಕೇಳಿ ಹಳೇ ಪದ್ಧತಿಯನ್ನೇ ಪೈಥಾನ್‌ನ ದಶಾಂಶ ಲೆಕ್ಕದ 'ಡೆಸಿಮಲ್' ಮಾಡ್ಯೂಲ್‌ನಲ್ಲಿ ಬರೆದೆವು.

ಕನ್ನಡ ಹೆಸರುಗಳ ವಿಷಯದಲ್ಲಿ ಮಾತ್ರ ಲಾಭವೇ ಆಯಿತು. ಹಳೇ ಕೋಡ್ ಅಕ್ಷರಗಳ ಬದಲು ಅವು ಕಂಪ್ಯೂಟರ್‌ನಲ್ಲಿ ಹಿಡಿಯುವ ಜಾಗವನ್ನು ಎಣಿಸಿ 'ಹುಬ್ಬಳ್ಳಿ'ಗೆ 27 ಬೈಟ್ ಅನ್ನುತ್ತಿತ್ತು, ಉದ್ದದ ಹೆಸರು ಅಕ್ಷರದ ನಡುವೆಯೇ ತುಂಡಾಗಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ಈಗ ಅಕ್ಷರ, ಗುಣಿತ, ಒತ್ತಿನ ಚಿಹ್ನೆಗಳನ್ನು ಒಂದೊಂದಾಗಿ ಎಣಿಸುವುದರಿಂದ ಅದರ ಲೆಕ್ಕ 9. ಒತ್ತಕ್ಷರ ಇನ್ನೂ ಕೆಲವೊಮ್ಮೆ ಮುರಿಯುತ್ತದೆ, ಹೆಸರಿನ ಕಾಲಂ ಅಗಲ ಮಾಡಿ ಸದ್ಯಕ್ಕೆ ಸುಧಾರಿಸಿದ್ದೇವೆ.

ಈ ನಡುವೆ ಮಾಲೀಕರು ವಾಟ್ಸಾಪ್‌ನಲ್ಲಿ ಬಿಲ್ ಕಳಿಸುವ ಸೌಲಭ್ಯವನ್ನೂ ಕೇಳಿದ್ದರು. ಎರಡೂ ವರ್ಷನ್‌ನ ಬಿಲ್ ಪೈಸೆಗೆ ಪೈಸೆ ಹೊಂದುವವರೆಗೆ ಬೇಡ ಅಂದೆವು. ಹೊಸದೇನಾದರೂ ಸೇರಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕುವುದೇ ಕಷ್ಟವಾಗುತ್ತಿತ್ತು. ಆ ಕೆಲಸ ಈಗ ಶುರು ಮಾಡಿದ್ದೇವೆ.